ಡೇಟಾಬೇಸ್ ಸರ್ವರ್‌ನಲ್ಲಿ ಸಿಸ್ಟಮ್ ಸಿಪಿಯು ಏರಿದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಡೇಟಾಬೇಸ್ ನಿಧಾನವಾಯ್ತು ಅಂತ ಫೋನ್ ಬಂದ ತಕ್ಷಣ ಹೆಚ್ಚಿನವರು ಕ್ವೆರಿ ಹುಡುಕೋಕೆ ಹೋಗುತ್ತಾರೆ. ಸಿಪಿಯು ಖರ್ಚಾಗುತ್ತಿರುವುದು ಕರ್ನೆಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಒಳಗೆ ಆಗಿದ್ದರೆ ಆ ಹುಡುಕಾಟ ಬಹುಪಾಲು ವ್ಯರ್ಥ. ಕೆಳಗಿನ ಉತ್ತರಗಳು ಮುಖ್ಯವಾಗಿ ಲಿನಕ್ಸ್ ಮೇಲೆ ಓಡುವ ಒರಾಕಲ್, ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್‌ಗೆ. ಸೊಲಾರಿಸ್, ಎಐಎಕ್ಸ್ ಎಂಬ ಯುನಿಕ್ಸ್‌ಗಳನ್ನು ಇನ್ನೂ ಇಟ್ಟುಕೊಂಡಿರುವವರಿಗೂ ಒಂದು ಉತ್ತರ ಇದೆ.

ಯೂಸರ್ ಸಿಪಿಯು, ಸಿಸ್ಟಮ್ ಸಿಪಿಯು: ಏನು ವ್ಯತ್ಯಾಸ?

ಡೇಟಾಬೇಸ್‌ನ ಸ್ವಂತ ಕೋಡ್ ಓಡುವ ಸಮಯ ಯೂಸರ್ ಲೆಕ್ಕಕ್ಕೆ ಹೋಗುತ್ತದೆ. ಸಾಲು ಸೋಸುವುದು, ಸಾರ್ಟ್ ಮಾಡುವುದು, ಇಂಡೆಕ್ಸ್ ಇಳಿಯುವುದು, ಎಲ್ಲ ಅದೇ. ಆ ಪ್ರೋಸೆಸ್ ಕರ್ನೆಲ್‌ನಿಂದ ಏನಾದರೂ ಕೇಳಿದಾಗ, ಅಂದರೆ ಫೈಲ್ ಓದು, ಮೆಮೊರಿ ಕೊಡು, ನನ್ನನ್ನು ಮಲಗಿಸು, ಇನ್ನೊಬ್ಬನನ್ನು ಎಬ್ಬಿಸು ಅಂದಾಗ, ಆ ಕೆಲಸದ ಸಮಯ ಸಿಸ್ಟಮ್ ಲೆಕ್ಕಕ್ಕೆ. ಯಾರೂ ಕೇಳದೆಯೇ ಕರ್ನೆಲ್ ತಾನಾಗಿ ಮಾಡುವ ಮೆಮೊರಿ ಬಿಡಿಸುವಂಥ ಕೆಲಸಗಳೂ ಅಲ್ಲಿಗೇ ಸೇರುತ್ತವೆ.

ಆದ್ದರಿಂದ ಕೇಳಬೇಕಾದ ಪ್ರಶ್ನೆ ‘ಯಾವ ಕ್ವೆರಿ ಭಾರ?’ ಅಲ್ಲ. ಕರ್ನೆಲ್‌ಗೆ ಇಷ್ಟು ಕೆಲಸ ಕೊಡುತ್ತಿರುವವರು ಯಾರು, ಅದು ಎಂಥ ಕೆಲಸ? ಇದಕ್ಕೆ ಉತ್ತರ ಸಿಗುವ ತನಕ ಯಾವ ಸೆಟ್ಟಿಂಗನ್ನೂ ಮುಟ್ಟಬೇಡಿ.

ಎಷ್ಟಾದರೆ ಜಾಸ್ತಿ ಅನ್ನಬೇಕು?

ಎಲ್ಲರಿಗೂ ಒಂದೇ ಅಂಕಿ ಇಲ್ಲ. ಫೈಲ್‌ಗಳನ್ನು ಪೇಜ್ ಕ್ಯಾಶ್ (ಕರ್ನೆಲ್ ಫೈಲ್‌ಗಳ ನಕಲು ಇಟ್ಟುಕೊಳ್ಳುವ ಮೆಮೊರಿ) ಮೂಲಕ ಓದುವ ಪೋಸ್ಟ್‌ಗ್ರೆಸ್‌ಗೆ ಸ್ವಲ್ಪ ಸಿಸ್ಟಮ್ ಸಿಪಿಯು ಸಹಜ. ನನ್ನ ಅಂದಾಜು ಇಷ್ಟು: ಸಿಸ್ಟಮ್ ಸಮಯ ಯೂಸರ್ ಸಮಯದ ಮೂರನೇ ಒಂದು ಭಾಗ ದಾಟಿದರೆ ಒಮ್ಮೆ ಇಣುಕಿ ನೋಡಿ. ಯೂಸರನ್ನೇ ಮೀರಿದ್ದರೆ ಏನೋ ಎಡವಟ್ಟಾಗಿದೆ, ಅನುಮಾನ ಬೇಡ. ಎಲ್ಲಕ್ಕಿಂತ ಒಳ್ಳೆಯ ಅಳತೆ ಅಂದರೆ ನಿಮ್ಮದೇ ಯಂತ್ರದಲ್ಲಿ ಹೋದ ವಾರ ಇದೇ ಹೊತ್ತಿಗೆ ಎಷ್ಟಿತ್ತು ಅನ್ನೋದು. ಸಾರ್ ಎಂಬ ಟೂಲ್ ಹಳೆಯ ಅಂಕಿಗಳನ್ನು ಇಟ್ಟಿರುತ್ತದೆ, ತೆಗೆದು ನೋಡಿ.

ಲೋಡ್ ಆವರೇಜ್ 80 ತೋರಿಸ್ತಿದೆ. ಇದೂ ಅದೇ ತೊಂದರೆ ಅಲ್ವಾ?

ಇರಬೇಕು ಅಂತೇನೂ ಇಲ್ಲ. ಲಿನಕ್ಸ್‌ನ ಲೋಡ್ ಆವರೇಜ್‌ನಲ್ಲಿ ಸಿಪಿಯುಗಾಗಿ ಕಾಯುವವರ ಜೊತೆ ಡಿಸ್ಕ್‌ಗಾಗಿ ಕಾಯುತ್ತಾ ಎಬ್ಬಿಸಲಾಗದ ಸ್ಥಿತಿಯಲ್ಲಿರುವವರೂ ಸೇರುತ್ತಾರೆ. ಸ್ಟೋರೇಜ್ ಕೈಕೊಟ್ಟಾಗ ಲೋಡ್ 200 ದಾಟಿದ್ದರೂ ಸಿಪಿಯು ಸುಮ್ನೆ ಕೂತಿರಬಹುದು.

ಮೊದಲು ಯಾವ ಕಮ್ಯಾಂಡ್ ಓಡಿಸಬೇಕು?

ವಿಎಂಸ್ಟ್ಯಾಟ್ 1, ಅದು ಸೆಕೆಂಡಿಗೊಂದು ಸಾಲು ಕೊಡುತ್ತದೆ. ಮೊದಲ ಸಾಲನ್ನು ಬಿಟ್ಟುಬಿಡಿ, ಅದು ಯಂತ್ರ ಬೂಟ್ ಆದಾಗಿನಿಂದ ಇಲ್ಲಿಯವರೆಗಿನ ಸರಾಸರಿ. ಎರಡನೇ ಸಾಲಿನಿಂದ ಈಗಿನ ಸ್ಥಿತಿ ಕಾಣುತ್ತದೆ.

32 ಕೋರ್ ಯಂತ್ರದಲ್ಲಿ ಇಂಥ ಸಾಲು ಬಂತು ಅಂದುಕೊಳ್ಳಿ: ಆರ್ (ಓಡುತ್ತಿರುವ, ಸಿಪಿಯುಗೆ ಕಾಯುತ್ತಿರುವ ಪ್ರೋಸೆಸ್‌ಗಳು) ಕಾಲಂನಲ್ಲಿ 70, ಯುಎಸ್ (ಯೂಸರ್) 14, ಎಸ್‌ವೈ (ಸಿಸ್ಟಮ್) 78, ಐಡಿ (ಖಾಲಿ) 8, ಡಬ್ಲ್ಯುಎ (ಡಿಸ್ಕ್‌ಗಾಗಿ ಕಾಯುವುದು) 0. ಕೋರ್‌ಗಳಿಗಿಂತ ಎರಡು ಪಟ್ಟು ಜನ ಸಾಲಿನಲ್ಲಿದ್ದಾರೆ. ಡಿಸ್ಕ್‌ಗಾಗಿ ಯಾರೂ ಕಾಯುತ್ತಿಲ್ಲ. ನೂರರಲ್ಲಿ 14 ಪಾಲು ಮಾತ್ರ ಡೇಟಾಬೇಸ್ ಕೆಲಸ. ಈಗ ಸಿಎಸ್ ಕಾಲಂ ನೋಡಿ, ಅದು ಕಾಂಟೆಕ್ಸ್ಟ್ ಸ್ವಿಚ್‌ಗಳ ಎಣಿಕೆ, ಅಂದರೆ ಕೋರ್‌ಗಳು ಒಂದು ಪ್ರೋಸೆಸ್ ಬಿಟ್ಟು ಇನ್ನೊಂದಕ್ಕೆ ಎಷ್ಟು ಸಲ ಹೋದವು ಅನ್ನೋದು. ಹೆಚ್ಚಿನವರು ಎಸ್‌ವೈ ನೋಡಿ ಅಲ್ಲಿಗೇ ನಿಲ್ಲುತ್ತಾರೆ, ಆದರೆ ದಾರಿ ತೋರಿಸುವುದು ಇದು.

ಸಿಎಸ್ ಸೆಕೆಂಡಿಗೆ 4 ಲಕ್ಷ ಇದ್ದರೆ ಪ್ರೋಸೆಸ್‌ಗಳು ಒಬ್ಬರನ್ನೊಬ್ಬರು ಎಬ್ಬಿಸುತ್ತಾ, ಮಲಗಿಸುತ್ತಾ ಇವೆ: ಲಾಕ್ ಗುದ್ದಾಟ, ಕನೆಕ್ಷನ್ ಜಾಸ್ತಿ, ಇಲ್ಲವೇ ಸಣ್ಣ ಸಣ್ಣ ನೆಟ್‌ವರ್ಕ್ ಮಾತುಕತೆ. ಸಿಎಸ್ ಬರೀ 5 ಸಾವಿರ ಇದ್ದು ಎಸ್‌ವೈ 78 ಇದ್ದರೆ ಕತೆ ಬೇರೆ. ಕರ್ನೆಲ್ ಒಳಗೆ ಹೋದವರು ಬೇಗ ಹೊರಗೆ ಬರುತ್ತಿಲ್ಲ. ಮೆಮೊರಿ ಹುಡುಕಾಟವೋ, ಕರ್ನೆಲ್‌ನ ಸ್ಪಿನ್‌ಲಾಕ್ (ಮಲಗಿಸದೆ ಸುತ್ತುತ್ತಲೇ ಕಾಯಿಸುವ ಲಾಕ್) ಮೇಲೆ ಸುತ್ತುತ್ತಿರುವುದೋ, ಎರಡರಲ್ಲಿ ಒಂದು.

ಆಮೇಲೆ ಎಂಪಿಸ್ಟ್ಯಾಟ್‌ನಲ್ಲಿ ಒಂದೊಂದು ಕೋರನ್ನೂ ಬಿಡಿಬಿಡಿಯಾಗಿ ನೋಡಿ. ಒಂದೇ ಕೋರ್ ತುಂಬಿದ್ದು, ಅದೂ ಸಾಫ್ಟ್ ಐಆರ್‌ಕ್ಯೂ (ಇಂಟರಪ್ಟ್, ಅಂದರೆ ಹಾರ್ಡ್‌ವೇರ್ ಕರೆ, ಬಂದ ಮೇಲಿನ ಕೆಲಸ) ಕಾಲಂನಲ್ಲಿ ತುಂಬಿದ್ದರೆ, ನೆಟ್‌ವರ್ಕ್ ಕಾರ್ಡ್‌ನ ಇಂಟರಪ್ಟ್‌ಗಳೆಲ್ಲ ಒಂದೇ ಕಡೆ ಬೀಳುತ್ತಿವೆ. ಡೇಟಾಬೇಸಿಗೂ ಅದಕ್ಕೂ ಸಂಬಂಧವೇ ಇಲ್ಲ.

ಟಾಪ್‌ನಲ್ಲಿ ಯಾವ ಪ್ರೋಸೆಸ್ಸೂ ಎದ್ದು ಕಾಣ್ತಿಲ್ಲ. ಆದರೂ ಸಿಸ್ಟಮ್ 60 ಇದೆ. ಹೇಗೆ?

ಹುಟ್ಟಿ ಕ್ಷಣದಲ್ಲೇ ಸಾಯುವ ಪ್ರೋಸೆಸ್‌ಗಳಿರಬೇಕು. ಟಾಪ್ ಕೆಲವು ಸೆಕೆಂಡಿಗೊಮ್ಮೆ ತಲೆ ಎಣಿಸುತ್ತದೆ, ನಡುವೆ ಬಂದು ಹೋದವರು ಅದಕ್ಕೆ ಸಿಗುವುದಿಲ್ಲ. ಬಿಸಿಸಿ ಎಂಬ ಟ್ರೇಸಿಂಗ್ ಟೂಲ್‌ಗಳ ಪ್ಯಾಕೇಜಿನ ಎಕ್ಸೆಕ್‌ಸ್ನೂಪ್ ಹಾಕಿದರೆ ಒಂದೊಂದು ಹೊಸ ಪ್ರೋಗ್ರಾಂ ಶುರುವಾದಾಗಲೂ ಒಂದು ಸಾಲು ಬರುತ್ತದೆ. ಯಾರೋ ಬರೆದ ಶೆಲ್ ಸ್ಕ್ರಿಪ್ಟ್ ಲೂಪ್‌ನಲ್ಲಿ ಗ್ರೆಪ್, ಆಕ್, ಸೆಡ್ ಅಂತ ನೂರಾರು ಸಲ ಕರೆಯುತ್ತಿರುವುದು ಆಗ ಸಿಕ್ಕಿಬೀಳುತ್ತದೆ. ಆದರೆ ಪೋಸ್ಟ್‌ಗ್ರೆಸ್‌ನ ಹೊಸ ಕನೆಕ್ಷನ್‌ಗಳು ಬರೀ ಫೋರ್ಕ್ (ಇರುವ ಪ್ರೋಸೆಸ್‌ನ ನಕಲು) ಆಗುತ್ತವೆ, ಎಕ್ಸೆಕ್ (ಹೊಸ ಪ್ರೋಗ್ರಾಂ ಶುರು) ಆಗುವುದಿಲ್ಲ. ಹಾಗಾಗಿ ಅವು ಎಕ್ಸೆಕ್‌ಸ್ನೂಪ್‌ನಲ್ಲಿ ಕಾಣುವುದಿಲ್ಲ. ಅದಕ್ಕೆ ಡೇಟಾಬೇಸ್ ಲಾಗ್‌ನಲ್ಲಿ ಕನೆಕ್ಷನ್ ದಾಖಲಿಸುವ ಸೆಟ್ಟಿಂಗ್ ಆನ್ ಮಾಡಬೇಕು.

ಪ್ರೊಡಕ್ಷನ್‌ನಲ್ಲಿ ಸ್ಟ್ರೇಸ್ ಹಾಕಬಹುದಾ?

ಹಾಕದಿದ್ದರೆ ಒಳ್ಳೆಯದು. ಸ್ಟ್ರೇಸ್ ಅಂದರೆ ಒಂದು ಪ್ರೋಸೆಸ್‌ನ ಸಿಸ್ಟಮ್ ಕಾಲ್‌ಗಳನ್ನು (ಕರ್ನೆಲ್‌ಗೆ ಹೋಗುವ ಕೋರಿಕೆಗಳು) ತೋರಿಸುವ ಟೂಲ್. ಅದು ಪ್ರತಿ ಸಿಸ್ಟಮ್ ಕಾಲ್‌ಗೂ ಆ ಪ್ರೋಸೆಸ್ಸನ್ನು ನಿಲ್ಲಿಸುತ್ತದೆ, ಒಳಹೋಗುವಾಗ ಒಮ್ಮೆ, ಹೊರಬರುವಾಗ ಒಮ್ಮೆ. ಮೊದಲೇ ಸಿಸ್ಟಮ್ ಕಾಲ್‌ಗಳಲ್ಲಿ ಮುಳುಗಿರುವವನಿಗೆ ಅದು ಇನ್ನೂ ದೊಡ್ಡ ಹೊಡೆತ. ಹಾಕಲೇಬೇಕಾದರೆ ಒಂದೇ ಸೆಷನ್‌ಗೆ, ಎಣಿಕೆ ಮಾತ್ರ ಕೊಡುವ ಆಯ್ಕೆಯೊಂದಿಗೆ, ಹತ್ತು ಸೆಕೆಂಡ್ ಹಾಕಿ ತೆಗೆದುಬಿಡಿ. ಒರಾಕಲ್‌ನ ಲಾಗ್ ರೈಟರ್‌ಗೆ ಅಂತೂ ಹಾಕಲೇಬೇಡಿ, ಕಮಿಟ್‌ಗಳೆಲ್ಲ ಅಲ್ಲೇ ನಿಲ್ಲುತ್ತವೆ. ಲಿನಕ್ಸ್‌ನ ಪರ್ಫ್ ಟೂಲ್‌ನ ಪರ್ಫ್ ಟ್ರೇಸ್ ಅಥವಾ ಬಿಸಿಸಿಯ ಸಿಸ್‌ಕೌಂಟ್ ಇದೇ ಕೆಲಸವನ್ನು ಎಷ್ಟೋ ಕಡಿಮೆ ಭಾರದಲ್ಲಿ ಮಾಡುತ್ತವೆ.

ಇನ್ನೊಂದು ಮಾತು. ಸಿಸ್ಟಮ್ ಕಾಲ್ ಪಟ್ಟಿಯಲ್ಲಿ ಪೇಜ್ ಫಾಲ್ಟ್ (ಇನ್ನೂ ಜೋಡಿಸದ ಪೇಜ್, ಅಂದರೆ ಮೆಮೊರಿಯ ತುಂಡು, ಮುಟ್ಟಿದಾಗ ಕರ್ನೆಲ್ ಮಧ್ಯೆ ಬರುವುದು) ಕಾಣುವುದಿಲ್ಲ, ಕರ್ನೆಲ್ ಥ್ರೆಡ್‌ಗಳ ಕೆಲಸವೂ ಕಾಣುವುದಿಲ್ಲ. ಸ್ಟ್ರೇಸ್‌ನಲ್ಲಿ ಎಲ್ಲ ಶಾಂತವಾಗಿದೆ, ಆದರೂ ಎಸ್‌ವೈ ಮೇಲಿದೆ ಅಂದರೆ ತೊಂದರೆ ಹೆಚ್ಚುಕಮ್ಮಿ ಮೆಮೊರಿಯ ಕಡೆಯದೇ.

ಹಾಗಾದರೆ ಯಾವುದನ್ನು ನಂಬೋದು?

ಪರ್ಫ್. ಪರ್ಫ್ ಟಾಪ್ ಹಾಕಿದರೆ ಕರ್ನೆಲ್‌ನ ಯಾವ ಫಂಕ್ಷನ್ ಸಿಪಿಯು ತಿನ್ನುತ್ತಿದೆ ಅಂತ ನೇರವಾಗಿ ತೋರಿಸುತ್ತದೆ. ಪರ್ಫ್ ರೆಕಾರ್ಡನ್ನು ಇಡೀ ಯಂತ್ರಕ್ಕೆ, ಕಾಲ್ ಗ್ರಾಫ್ (ಯಾವ ಫಂಕ್ಷನ್ ಯಾವುದನ್ನು ಕರೆಯಿತು ಅನ್ನೋದು) ಜೊತೆಗೆ, 30 ಸೆಕೆಂಡ್ ಓಡಿಸಿ ಇಟ್ಟುಕೊಂಡರೆ ಆಮೇಲೆ ನಿಧಾನವಾಗಿ ನೋಡಬಹುದು.

ಮೇಲಿನ ಸಾಲುಗಳಲ್ಲಿ ಕಾಂಪ್ಯಾಕ್ಟ್ ಝೋನ್ ಅಥವಾ ಐಸೊಲೇಟ್ ಫ್ರೀಪೇಜಸ್ ಎಂಬ ಹೆಸರು ಬಂದರೆ ಕರ್ನೆಲ್ ದೊಡ್ಡ ಪೇಜ್‌ಗಳಿಗಾಗಿ ಮೆಮೊರಿ ಒಟ್ಟುಮಾಡುತ್ತಿದೆ. ಶ್ರಿಂಕ್ ಅಂತ ಶುರುವಾಗುವ ಹೆಸರುಗಳು ಬಂದರೆ ಮೆಮೊರಿ ಖಾಲಿ ಮಾಡಿಸುತ್ತಿದೆ. ಕಾಪಿ ಪೇಜ್ ರೇಂಜ್, ಝ್ಯಾಪ್ ಪಿಟಿಇ ರೇಂಜ್ ಬಂದರೆ ಪ್ರೋಸೆಸ್‌ಗಳು ಸಿಕ್ಕಾಪಟ್ಟೆ ಹುಟ್ಟಿ ಸಾಯುತ್ತಿವೆ. ಫ್ಯೂಟೆಕ್ಸ್ ಬಂದರೆ ಲಾಕ್. ರೀಡ್ ಎಚ್‌ಪಿಇಟಿ ಬಂದರೆ ಗಡಿಯಾರ, ಅದರ ಬಗ್ಗೆ ಮುಂದೆ ಹೇಳುತ್ತೇನೆ. ಕಾಪಿ ಯೂಸರ್ ಅನ್ನೋ ಹೆಸರು ಕಂಡರೆ ಹೆದರಬೇಡಿ, ಪೇಜ್ ಕ್ಯಾಶ್‌ನಿಂದ ಡೇಟಾ ನಕಲಾಗುತ್ತಿದೆ ಅಷ್ಟೆ.

ಸ್ಪಿನ್ ಲಾಕ್ ಸ್ಲೋಪಾತ್ ಅಂತ ಬಂದರೆ ಅಲ್ಲಿಗೇ ತೀರ್ಮಾನಕ್ಕೆ ಬರಬೇಡಿ. ಯಾರೋ ಒಂದು ಲಾಕ್‌ಗೆ ಕಾಯುತ್ತಿದ್ದಾರೆ ಅನ್ನೋದಷ್ಟೇ ಅದರಿಂದ ಗೊತ್ತಾಗುತ್ತದೆ. ಯಾವ ಲಾಕ್ ಅಂತ ತಿಳಿಯಲು ಅದನ್ನು ಕರೆದ ಫಂಕ್ಷನ್ ನೋಡಬೇಕು, ಕಾಲ್ ಗ್ರಾಫ್ ಬೇಕು ಅಂದಿದ್ದು ಅದಕ್ಕೇ.

ಟ್ರಾನ್ಸ್‌ಪರೆಂಟ್ ಹ್ಯೂಜ್ ಪೇಜಸ್ ಆಫ್ ಮಾಡಿ ಅಂತ ಎಲ್ಲರೂ ಹೇಳ್ತಾರಲ್ಲ, ಯಾಕೆ?

2010ರಲ್ಲಿ ಬಂದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 6ರಿಂದ ಈ ಸಲಹೆ ಹರಡಿತು. ಇದು ಆನ್ ಇದ್ದರೆ, ಪ್ರೋಸೆಸ್ ಮೆಮೊರಿ ಕೇಳಿದಾಗ 4 ಕೆಬಿ ಬದಲು 2 ಎಂಬಿ ಪೇಜ್ ಕೊಡಲು ಕರ್ನೆಲ್ ಪ್ರಯತ್ನಿಸುತ್ತದೆ. 2 ಎಂಬಿಯಷ್ಟು ಮೆಮೊರಿ ಒಂದೇ ಕಡೆ ಇಲ್ಲದಿದ್ದರೆ ಅಲ್ಲೇ ನಿಂತು ಪೇಜ್‌ಗಳನ್ನು ಸರಿಸಿ ಜಾಗ ಮಾಡುತ್ತದೆ. ಆ ಹೊತ್ತು ನಿಮ್ಮ ಸೆಷನ್ ಕಾಯುತ್ತಿರುತ್ತದೆ, ಎಸ್‌ವೈ ಏರುತ್ತದೆ. ಯಂತ್ರ ಕೆಲವು ದಿನ ಓಡಿ ಮೆಮೊರಿ ಚೂರುಚೂರಾದ ಮೇಲೆ ಇದು ಜಾಸ್ತಿ. ‘ರೀಬೂಟ್ ಮಾಡಿದರೆ ಒಂದು ವಾರ ಚೆನ್ನಾಗಿರುತ್ತೆ’ ಅನ್ನೋ ದೂರಿನ ಹಿಂದೆ ಹೆಚ್ಚಾಗಿ ಇದೇ ಇರುತ್ತದೆ.

ಖಚಿತ ಮಾಡಿಕೊಳ್ಳಲು ಪ್ರೋಕ್ ಡೈರೆಕ್ಟರಿಯ ವಿಎಂಸ್ಟ್ಯಾಟ್ ಫೈಲ್‌ನಲ್ಲಿ ಕಾಂಪ್ಯಾಕ್ಟ್ ಸ್ಟಾಲ್ ಎಂಬ ಎಣಿಕೆ ನೋಡಿ. ತೊಂದರೆಯ ಹೊತ್ತಿನಲ್ಲಿ ಅದು ಓಡುತ್ತಿದ್ದರೆ ಸಿಕ್ಕಿತು ಅಂತಲೇ. ಕರ್ನೆಲ್ 4.6ರಿಂದ ಡಿಫ್ರ್ಯಾಗ್‌ನ (ಹೀಗೆ ಸರಿಸಿ ಜಾಗ ಮಾಡುವ ಕೆಲಸ) ಮೂಲ ಸೆಟ್ಟಿಂಗ್ ಮೃದುವಾಗಿದೆ, ಹಾಗಾಗಿ ಹೊಸ ಯಂತ್ರಗಳಲ್ಲಿ ಈ ಕಾಟ ಕಡಿಮೆ. ಒರಾಕಲ್, ರೆಡಿಸ್ ಈಗಲೂ ಆಫ್ ಮಾಡಿ ಅನ್ನುತ್ತವೆ. ಮೊಂಗೋಡಿಬಿ ಮಾತ್ರ ವರ್ಷಗಟ್ಟಲೆ ಆಫ್ ಅಂತ ಹೇಳಿ, 8.0 ಆವೃತ್ತಿಯಿಂದ ಆನ್ ಮಾಡಿ ಅನ್ನುತ್ತಿದೆ. ಹಳೆಯ ಸಲಹೆಯನ್ನು ಕಣ್ಣುಮುಚ್ಚಿ ಪಾಲಿಸಬೇಡಿ.

ಹ್ಯೂಜ್ ಪೇಜಸ್ ಅಂದರೂ ಇದೇ ಅಲ್ವಾ?

ಅಲ್ಲ, ಇಲ್ಲೇ ಎಲ್ಲರೂ ಗೊಂದಲ ಮಾಡಿಕೊಳ್ಳೋದು. ಟ್ರಾನ್ಸ್‌ಪರೆಂಟ್ ಅನ್ನೋದು ಕರ್ನೆಲ್ ತನಗೆ ತೋಚಿದಾಗ ಮಾಡುವ ಕೆಲಸ. ಬರೀ ಹ್ಯೂಜ್ ಪೇಜಸ್ ಅಂದರೆ ನೀವೇ ಮೊದಲೇ ಲೆಕ್ಕ ಹಾಕಿ ತೆಗೆದಿಡುವ ಮೆಮೊರಿ. ದೊಡ್ಡ ಡೇಟಾಬೇಸ್‌ಗೆ ಎರಡನೆಯದು ಬೇಕೇ ಬೇಕು. ಯಾಕೆ ಅಂತ ಲೆಕ್ಕ ಹಾಕಿ ನೋಡೋಣ.

ಒರಾಕಲ್‌ನ ಎಸ್‌ಜಿಎ (ಎಲ್ಲ ಸೆಷನ್‌ಗಳೂ ಹಂಚಿಕೊಳ್ಳುವ ಮೆಮೊರಿ) 64 ಜಿಬಿ ಇದೆ ಅಂದುಕೊಳ್ಳಿ. 4 ಕೆಬಿ ಪೇಜ್ ಲೆಕ್ಕದಲ್ಲಿ ಅದು 1,67,77,216 ಪೇಜ್. ಪ್ರತಿ ಪೇಜ್‌ಗೂ ಪೇಜ್ ಟೇಬಲ್‌ನಲ್ಲಿ (ಯಾವ ಪೇಜ್ ಎಲ್ಲಿದೆ ಎಂಬ ಪಟ್ಟಿ) 8 ಬೈಟ್ ನಮೂದು ಬೇಕು. ಇಡೀ ಎಸ್‌ಜಿಎ ಮುಟ್ಟಿದ ಒಂದು ಪ್ರೋಸೆಸ್‌ಗೆ 128 ಎಂಬಿ ಪೇಜ್ ಟೇಬಲ್ ಆಯ್ತು. ಎಸ್‌ಜಿಎ ಎಲ್ಲರದ್ದೂ ಒಂದೇ, ಆದರೆ ಪೇಜ್ ಟೇಬಲ್ ಪ್ರತಿಯೊಬ್ಬರಿಗೂ ಬೇರೆ. 500 ಸೆಷನ್ ಇದ್ದರೆ 62.5 ಜಿಬಿ. ಎಸ್‌ಜಿಎಯಷ್ಟೇ ಮೆಮೊರಿ ಬರೀ ಲೆಕ್ಕಪತ್ರಕ್ಕೇ ಹೋಯ್ತು! ಎಲ್ಲ ಸೆಷನ್ನೂ ಎಸ್‌ಜಿಎಯ ಎಲ್ಲ ಮೂಲೆ ಮುಟ್ಟುವುದಿಲ್ಲ ನಿಜ, ಆದರೆ ಕನೆಕ್ಷನ್ ಪೂಲ್‌ನಲ್ಲಿ (ತೆರೆದಿಟ್ಟು ಮತ್ತೆ ಮತ್ತೆ ಬಳಸುವ ಕನೆಕ್ಷನ್‌ಗಳ ಗುಂಪು) ದಿನಗಟ್ಟಲೆ ಬದುಕುವ ಸೆಷನ್‌ಗಳು ನಿಧಾನವಾಗಿ ಅತ್ತ ಸಾಗುತ್ತವೆ. 2 ಎಂಬಿ ಪೇಜ್ ಬಳಸಿದರೆ ನಮೂದುಗಳು 32,768ಕ್ಕೆ ಇಳಿಯುತ್ತವೆ, ಪ್ರೋಸೆಸ್ ಒಂದಕ್ಕೆ 256 ಕೆಬಿ. 500 ಜನಕ್ಕೂ ಸೇರಿ 125 ಎಂಬಿ.

ಇದಕ್ಕೂ ಸಿಪಿಯುಗೂ ಏನು ಸಂಬಂಧ? ಪ್ರತಿ ನಮೂದು ತುಂಬಲು ಒಂದು ಮೈನರ್ ಪೇಜ್ ಫಾಲ್ಟ್ ಬೇಕು, ಅದು ಕರ್ನೆಲ್ ಕೆಲಸ. ಸೆಷನ್ ಮುಚ್ಚಿದಾಗ ಎಲ್ಲ ನಮೂದುಗಳನ್ನೂ ಅಳಿಸಬೇಕು, ಅದೂ ಕರ್ನೆಲ್ ಕೆಲಸ. ಪೇಜ್ ಟೇಬಲ್‌ಗಳೇ ಮೆಮೊರಿ ತಿಂದಾಗ ಮೆಮೊರಿ ಬಿಡಿಸುವ ಕರ್ನೆಲ್ ಥ್ರೆಡ್ ಕೆಸ್ವಾಪ್‌ಡಿ ಎದ್ದು ಓಡಾಡತೊಡಗುತ್ತದೆ. ಮೆಮ್‌ಇನ್ಫೋ ಫೈಲ್‌ನಲ್ಲಿ ಪೇಜ್‌ಟೇಬಲ್ಸ್ ಎಂಬ ಸಾಲು ನೋಡಿ. ಅಲ್ಲಿ ಹತ್ತಾರು ಜಿಬಿ ಇದ್ದರೆ ಬೇರೆಲ್ಲೂ ಹುಡುಕಬೇಡಿ.

ಒರಾಕಲ್‌ನಲ್ಲಿ ಮೆಮೊರಿ ಟಾರ್ಗೆಟ್ ಹಾಕಿದ್ದರೆ ಹ್ಯೂಜ್ ಪೇಜಸ್ ಕೆಲಸ ಮಾಡುವುದಿಲ್ಲ, ಎಸ್‌ಜಿಎ ಟಾರ್ಗೆಟ್‌ಗೆ ಬದಲಾಯಿಸಿ. ಪೋಸ್ಟ್‌ಗ್ರೆಸ್‌ನಲ್ಲಿ ಹ್ಯೂಜ್ ಪೇಜಸ್ ಸೆಟ್ಟಿಂಗ್ ಮೊದಲಿಗೆ ‘ಟ್ರೈ’ ಎಂದಿರುತ್ತದೆ. ಸಿಕ್ಕರೆ ಬಳಸುತ್ತದೆ, ಸಿಗದಿದ್ದರೆ ತುಟಿ ಬಿಚ್ಚದೆ ಸಣ್ಣ ಪೇಜ್‌ಗೆ ಇಳಿಯುತ್ತದೆ. ನನಗೆ ಈ ಮೌನ ಇಷ್ಟವಿಲ್ಲ. ‘ಆನ್’ ಅಂತ ಹಾಕಿ. ಸಿಗದಿದ್ದರೆ ಸರ್ವರ್ ಶುರುವೇ ಆಗುವುದಿಲ್ಲ, ಆಗ ಕನಿಷ್ಠ ಗೊತ್ತಾದರೂ ಆಗುತ್ತದೆ. ಒರಾಕಲ್‌ನ ಯೂಸ್ ಲಾರ್ಜ್ ಪೇಜಸ್‌ಗೆ ‘ಓನ್ಲಿ’ ಹಾಕುವುದೂ ಇದೇ ಕಾರಣಕ್ಕೆ.

ಅರ್ಧ ಮೆಮೊರಿ ಖಾಲಿ ಇದೆ, ಆದರೂ ಕೆಸ್ವಾಪ್‌ಡಿ ಸಿಪಿಯು ತಿಂತಿದೆ. ಯಾಕೆ?

ಎರಡು ಸಾಕೆಟ್‌ನ ಯಂತ್ರವೇ? ಹಾಗಾದರೆ ನುಮಾ ನೋಡಿ, ಅಂದರೆ ಪ್ರತಿ ಸಾಕೆಟ್‌ಗೂ (ನೋಡ್) ತನ್ನದೇ ಮೆಮೊರಿ ಇರುವ ವ್ಯವಸ್ಥೆ. ಒಂದು ನೋಡ್‌ನ ಮೆಮೊರಿ ತುಂಬಿ ಇನ್ನೊಂದರದ್ದು ಖಾಲಿ ಬಿದ್ದಿರಬಹುದು. ಝೋನ್ ರೀಕ್ಲೇಮ್ ಮೋಡ್ ಆನ್ ಇದ್ದರೆ ಪಕ್ಕದ ನೋಡ್‌ನಿಂದ ತೆಗೆದುಕೊಳ್ಳುವ ಬದಲು ತನ್ನಲ್ಲೇ ಇರುವುದನ್ನು ಖಾಲಿ ಮಾಡಲು ಕರ್ನೆಲ್ ಒದ್ದಾಡುತ್ತದೆ. ಡೇಟಾಬೇಸ್ ಸರ್ವರ್‌ಗೆ ಅದು 0 ಇರಬೇಕು. ಕರ್ನೆಲ್ 3.16ರಿಂದ ಮೂಲ ಸೆಟ್ಟಿಂಗೇ 0, ಆದರೂ ಯಾರೋ ಹಳೆಯ ಫೈಲ್‌ನಿಂದ ನಕಲು ಮಾಡಿ 1 ಹಾಕಿಟ್ಟಿರುತ್ತಾರೆ. ಮೈಎಸ್‌ಕ್ಯೂಎಲ್‌ನಲ್ಲಿ ಬಫರ್ ಪೂಲನ್ನು ಎಲ್ಲ ನೋಡ್‌ಗಳಿಗೂ ಹಂಚುವ ಇನ್ನೋಡಿಬಿ ನುಮಾ ಇಂಟರ್‌ಲೀವ್ ಎಂಬ ಸೆಟ್ಟಿಂಗ್ ಇದೆ.

ಕನೆಕ್ಷನ್ ಸಂಖ್ಯೆಗೂ ಇದಕ್ಕೂ ನಂಟಿದೆಯಾ?

ಬಹಳ ಇದೆ. ಪೋಸ್ಟ್‌ಗ್ರೆಸ್, ಲಿನಕ್ಸ್ ಮೇಲಿನ ಒರಾಕಲ್‌ನ ಡೆಡಿಕೇಟೆಡ್ ಸರ್ವರ್, ಎರಡರಲ್ಲೂ ಒಂದು ಕನೆಕ್ಷನ್‌ಗೆ ಒಂದು ಪ್ರೋಸೆಸ್. ಅಪ್ಲಿಕೇಶನ್ ಪ್ರತಿ ಕ್ಲಿಕ್‌ಗೂ ಹೊಸ ಕನೆಕ್ಷನ್ ತೆರೆದು ಮುಚ್ಚಿದರೆ ಸೆಕೆಂಡಿಗೆ ನೂರಾರು ಪ್ರೋಸೆಸ್ ಹುಟ್ಟಿ ಸಾಯುತ್ತವೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಎಲ್ಲರೂ ಒಟ್ಟಿಗೆ ಸೈಟ್‌ಗೆ ನುಗ್ಗಿ, ಪೇಜ್ ಬರದಿದ್ದಕ್ಕೆ ಮತ್ತೆ ಮತ್ತೆ ರಿಫ್ರೆಶ್ ಒತ್ತುತ್ತಾರಲ್ಲ, ಕೈಕೊಟ್ಟ ಕನೆಕ್ಷನ್ ಪೂಲ್ ಕೂಡ ಹಾಗೇ ಮಾಡುತ್ತದೆ. ಡೇಟಾಬೇಸ್ ನಿಧಾನವಾದಷ್ಟೂ ಪೂಲ್ ಹೊಸ ಕನೆಕ್ಷನ್ ಕೇಳುತ್ತದೆ, ಕೇಳಿದಷ್ಟೂ ನಿಧಾನವಾಗುತ್ತದೆ.

ಪೋಸ್ಟ್‌ಗ್ರೆಸ್ ಮುಂದೆ ಪಿಜಿಬೌನ್ಸರ್ ಎಂಬ ಕನೆಕ್ಷನ್ ಪೂಲರ್ ಇಡಿ. ಪೂಲ್‌ನ ಕನಿಷ್ಠ, ಗರಿಷ್ಠ ಎರಡೂ ಒಂದೇ ಇರಲಿ. ಗರಿಷ್ಠ 2,000 ಅಂತ ಬರೆದಿಡುವುದು ಉದಾರತನವಲ್ಲ. 32 ಕೋರ್ ಯಂತ್ರದಲ್ಲಿ ಒಮ್ಮೆಗೆ 32 ಜನ ಮಾತ್ರ ಓಡಲು ಸಾಧ್ಯ, ಉಳಿದವರು ಶೆಡ್ಯೂಲರ್‌ಗೆ ಕೆಲಸ ಕೊಡುತ್ತಾರೆ ಅಷ್ಟೆ.

ಬರೀ ಸಮಯ ಕೇಳುವುದಕ್ಕೂ ಸಿಪಿಯು ಖರ್ಚಾಗುತ್ತಾ?

ಆಗುತ್ತೆ. ಡೇಟಾಬೇಸ್‌ಗಳು ಕಾಯುವ ಸಮಯ ಅಳೆಯಲು ಗಡಿಯಾರವನ್ನು ಸಿಕ್ಕಾಪಟ್ಟೆ ನೋಡುತ್ತವೆ. ಕ್ಲಾಕ್‌ಸೋರ್ಸ್ (ಕರ್ನೆಲ್ ಸಮಯ ಓದುವ ಮೂಲ) ಟಿಎಸ್‌ಸಿ, ಅಂದರೆ ಸಿಪಿಯು ಒಳಗಿನ ಕೌಂಟರ್, ಆಗಿದ್ದರೆ ಕರ್ನೆಲ್ ಒಳಗೆ ಹೋಗದೆಯೇ ಸಮಯ ಸಿಗುತ್ತದೆ. ಬೂಟ್ ಹೊತ್ತಿನಲ್ಲಿ ಕರ್ನೆಲ್ ‘ಟಿಎಸ್‌ಸಿ ನಂಬುವ ಹಾಗಿಲ್ಲ’ ಅಂತ ತೀರ್ಮಾನಿಸಿ ಎಚ್‌ಪಿಇಟಿಗೆ (ಸಿಪಿಯು ಹೊರಗಿನ ಟೈಮರ್) ಇಳಿದಿದ್ದರೆ ಪ್ರತಿ ಸಲವೂ ಹಾರ್ಡ್‌ವೇರ್ ಕೇಳಬೇಕು. ಪೋಸ್ಟ್‌ಗ್ರೆಸ್‌ನ ಜೊತೆ ಬರುವ ಪಿಜಿ ಟೆಸ್ಟ್ ಟೈಮಿಂಗ್ ಓಡಿಸಿ. ಒಂದು ಓದಿಗೆ ಕೆಲವು ಹತ್ತು ನ್ಯಾನೋಸೆಕೆಂಡ್ ಬಂದರೆ ಸರಿ, ನೂರಾರು ಬಂದರೆ ಕ್ಲಾಕ್‌ಸೋರ್ಸ್ ನೋಡಿ. ಕ್ವೆರಿ ಸುಮ್ನೆ ಓಡಿಸಿದರೆ ಬೇಗ ಮುಗಿಯುತ್ತೆ, ಹಂತಹಂತದ ಸಮಯ ಅಳೆಯುವ ಎಕ್ಸ್‌ಪ್ಲೇನ್ ಅನಲೈಸ್ ಹಾಕಿದರೆ ಹಲವು ಪಟ್ಟು ಹೊತ್ತು ಹಿಡಿಯುತ್ತೆ ಅಂದರೆ ಅದೂ ಇದೇ ಸುಳಿವು.

ಗಡಿಯಾರದ ದೊಡ್ಡ ಅವಾಂತರ ನಡೆದದ್ದು 2012ರ ಜುಲೈ 1ರ ಭಾನುವಾರ, ನಮ್ಮ ಸಮಯ ಬೆಳಗ್ಗೆ 5:30ಕ್ಕೆ. ಆಗ ಭೂಮಿಯ ತಿರುಗುವಿಕೆಗೆ ಗಡಿಯಾರ ಹೊಂದಿಸಲು ಒಂದು ಹೆಚ್ಚುವರಿ ಸೆಕೆಂಡ್, ಅಂದರೆ ಲೀಪ್ ಸೆಕೆಂಡ್, ಸೇರಿಸಿದರು. ಕರ್ನೆಲ್‌ನ ಟೈಮರ್‌ಗಳು ಒಂದು ಸೆಕೆಂಡ್ ತಪ್ಪಿದವು. ಒಂದು ಸೆಕೆಂಡಿಗಿಂತ ಕಡಿಮೆ ಹೊತ್ತು ಮಲಗಿಸು ಅಂದವರೆಲ್ಲ ಮಲಗದೆ ತಕ್ಷಣ ಎದ್ದು ಮತ್ತೆ ಕೇಳತೊಡಗಿದರು. ಜಗತ್ತಿನ ಎಷ್ಟೋ ಮೈಎಸ್‌ಕ್ಯೂಎಲ್, ಜಾವಾ ಸರ್ವರ್‌ಗಳಲ್ಲಿ ಸಿಪಿಯು ಒಮ್ಮೆಲೇ ಏರಿತು. ಪರಿಹಾರ ಏನು ಗೊತ್ತಾ? ಡೇಟ್ ಕಮ್ಯಾಂಡ್‌ನಿಂದ ಈಗಿನ ಸಮಯವನ್ನೇ ಮತ್ತೊಮ್ಮೆ ಸೆಟ್ ಮಾಡುವುದು. ರೀಬೂಟ್ ಕೂಡ ಬೇಕಾಗಲಿಲ್ಲ. 2016ರ ಡಿಸೆಂಬರ್ 31ರ ನಂತರ ಹೊಸ ಲೀಪ್ ಸೆಕೆಂಡ್ ಸೇರಿಸಿಲ್ಲ.

ಮಾನಿಟರಿಂಗ್ ಏಜೆಂಟ್ ಇಂದಲೂ ತೊಂದರೆ ಆಗಬಹುದಾ?

ಎಷ್ಟೋ ಸಲ ಕಳ್ಳ ಅವನೇ. ಪ್ರತಿ ನಿಮಿಷ ಎಲ್ಲ ಪ್ರೋಸೆಸ್‌ಗಳ ಸ್ಮ್ಯಾಪ್ಸ್ (ಮೆಮೊರಿ ವಿವರ) ಫೈಲ್ ಓದುವ ಏಜೆಂಟ್‌ಗಳಿವೆ. ಆ ಫೈಲ್ ಓದಿದರೆ ಕರ್ನೆಲ್ ಆ ಪ್ರೋಸೆಸ್‌ನ ಪೇಜ್ ಟೇಬಲ್ ಪೂರ್ತಿ ನಡೆದು ಎಣಿಸಬೇಕು. ಮೇಲಿನ 64 ಜಿಬಿ ಲೆಕ್ಕ ನೆನಪಿಸಿಕೊಳ್ಳಿ, 500 ಸೆಷನ್‌ಗೆ ಅದನ್ನು ಮಾಡಿಸಿದರೆ ಏನಾಗಬೇಡ! ಎಸ್‌ವೈ ಗ್ರಾಫ್‌ನಲ್ಲಿ ಸರಿಯಾಗಿ ನಿಮಿಷಕ್ಕೊಮ್ಮೆ ಅಥವಾ 5 ನಿಮಿಷಕ್ಕೊಮ್ಮೆ ಗೂಟ ಎದ್ದಿದ್ದರೆ ಕ್ರಾನ್ ಮತ್ತು ಏಜೆಂಟ್‌ಗಳನ್ನು ನೋಡಿ. ಯಾರು ಏನು ಮಾಡಿದರು ಅಂತ ದಾಖಲಿಸುವ ಆಡಿಟ್‌ಡಿಯಲ್ಲಿ ಯಾರಾದರೂ ಎಲ್ಲ ಸಿಸ್ಟಮ್ ಕಾಲ್‌ಗಳಿಗೂ ರೂಲ್ ಹಾಕಿದ್ದಾರಾ, ಆಂಟಿವೈರಸ್ ಡೇಟಾಫೈಲ್‌ಗಳ ಡೈರೆಕ್ಟರಿಯನ್ನು ಸ್ಕ್ಯಾನ್ ಮಾಡುತ್ತಿದೆಯಾ, ಇವನ್ನೂ ಕೇಳಿ. ಸೆಕ್ಯುರಿಟಿ ತಂಡದವರ ಜೊತೆ ಮೃದುವಾಗಿ ಮಾತಾಡಿ, ಪರ್ಫ್ ವರದಿ ಕೈಯಲ್ಲಿರಲಿ.

ಪ್ಯಾಚ್ ಹಾಕಿದ ಮೇಲೆ ಎಸ್‌ವೈ ಜಾಸ್ತಿಯಾಯ್ತು. ಸಾಧ್ಯವೇ?

ಸಾಧ್ಯ. 2018ರ ಜನವರಿಯಲ್ಲಿ ಮೆಲ್ಟ್‌ಡೌನ್ ಎಂಬ ಸಿಪಿಯು ಸುರಕ್ಷತಾ ದೋಷ ಬಯಲಾದ ಮೇಲೆ ಬಂದ ಪ್ಯಾಚ್‌ಗಳು ಪ್ರತಿ ಸಿಸ್ಟಮ್ ಕಾಲ್‌ನ ಬೆಲೆ ಏರಿಸಿದವು. ಹಳೆಯ ಇಂಟೆಲ್ ಚಿಪ್‌ಗಳಲ್ಲಿ ಪೆಟ್ಟು ಜೋರು. ಆ ರಕ್ಷಣೆ ತೆಗೆಯಿರಿ ಅಂತ ನಾನು ಹೇಳುವುದಿಲ್ಲ, ಸಿಸ್ಟಮ್ ಕಾಲ್‌ಗಳನ್ನೇ ಕಡಿಮೆ ಮಾಡಿ. ಹೊಸ ಕರ್ನೆಲ್‌ನಿಂದ ಲಾಭ ಆದದ್ದೂ ಇದೆ. ಪೋಸ್ಟ್‌ಗ್ರೆಸ್ ಟೇಬಲ್‌ನ ಗಾತ್ರ ತಿಳಿಯಲು ಎಲ್‌ಸೀಕ್ ಕರೆಯುತ್ತದೆ. ಕೋರ್ ಜಾಸ್ತಿ ಇರುವ ಯಂತ್ರಗಳಲ್ಲಿ ಆ ಕಾಲ್ ಒಳಗಿನ ಲಾಕ್ ಕಾಟ ಕೊಡುತ್ತಿತ್ತು, ಲಿನಕ್ಸ್ 3.2ರಲ್ಲಿ ಅದು ಹೋಯಿತು.

ಸೊಲಾರಿಸ್, ಎಐಎಕ್ಸ್‌ನಲ್ಲಿ?

ಸೊಲಾರಿಸ್‌ನಲ್ಲಿ ಪ್ರಸ್ಟ್ಯಾಟ್‌ನ ಮೈಕ್ರೋಸ್ಟೇಟ್ ಆಯ್ಕೆ ಥ್ರೆಡ್ ಥ್ರೆಡ್‌ಗೂ ಸಮಯ ಎಲ್ಲಿ ಹೋಯ್ತು ಅಂತ ಬಿಡಿಸಿ ಕೊಡುತ್ತದೆ. ಎಂಪಿಸ್ಟ್ಯಾಟ್‌ನಲ್ಲಿ ಎಸ್‌ಎಂಟಿಎಕ್ಸ್ ಮತ್ತು ಎಕ್ಸ್‌ಕಾಲ್ ಕಾಲಂ ಗಮನಿಸಿ. ಮೊದಲನೆಯದು ಕರ್ನೆಲ್ ಮ್ಯೂಟೆಕ್ಸ್ ಗುದ್ದಾಟ, ಎರಡನೆಯದು ಸಿಪಿಯುಗಳು ಒಂದಕ್ಕೊಂದು ಕಳಿಸುವ ಕರೆ. ಆಮೇಲೆ ಲಾಕ್‌ಸ್ಟ್ಯಾಟ್, ಮತ್ತು 2005ರಲ್ಲಿ ಸೊಲಾರಿಸ್ 10ರ ಜೊತೆ ಬಂದ ಡಿಟ್ರೇಸ್. ಪ್ರೊಡಕ್ಷನ್‌ನಲ್ಲಿ ಧೈರ್ಯವಾಗಿ ಓಡಿಸಬಹುದಾದ ಟ್ರೇಸಿಂಗ್ ಹೇಗಿರಬೇಕು ಅಂತ ತೋರಿಸಿದ್ದೇ ಅದು. ಪೇಜ್ ಟೇಬಲ್ ತೊಂದರೆ ಸೊಲಾರಿಸ್‌ನಲ್ಲಿ ಅಪರೂಪ, ಐಎಸ್‌ಎಂ (ಹಂಚಿಕೊಂಡ ಮೆಮೊರಿಯ ಒಂದು ಬಗೆ) ಬಳಸಿದಾಗ ಪ್ರೋಸೆಸ್‌ಗಳು ಅದನ್ನೂ ಹಂಚಿಕೊಳ್ಳುತ್ತವೆ. ಎಐಎಕ್ಸ್‌ನಲ್ಲಿ ಸಿಪಿಯು ಎಲ್ಲಿ ಹೋಯ್ತು ಅಂತ ನೋಡಲು ಟಿಪ್ರೊಫ್ ಮತ್ತು ಕರ್ಟ್ ಟೂಲ್‌ಗಳಿವೆ.

ಇನ್ನಷ್ಟು ಸಿಪಿಯು ಹಾಕಿಸಿದರೆ?

ಲಾಕ್ ಗುದ್ದಾಟವಿದ್ದರೆ ಇನ್ನೂ ಕೆಡುತ್ತದೆ. ಒಂದೇ ಲಾಕ್‌ಗೆ 32 ಕೋರ್ ಕಾಯುತ್ತಿದ್ದದ್ದು 64 ಆಗುತ್ತದೆ. ಲೈಸೆನ್ಸ್ ದುಡ್ಡೂ ಏರುತ್ತದೆ.

ಮ್ಯಾನೇಜರ್ ‘ಈಗಲೇ ರೀಸ್ಟಾರ್ಟ್ ಮಾಡಿ’ ಅಂತಿದ್ದಾರೆ. ಮಾಡಲಾ?

ಎರಡು ನಿಮಿಷ ಕೇಳಿ ತೆಗೆದುಕೊಳ್ಳಿ. ಪರ್ಫ್ ರೆಕಾರ್ಡ್ 30 ಸೆಕೆಂಡ್, ಜೊತೆಗೆ ಇನ್ನೊಂದು ವಿಂಡೋದಲ್ಲಿ ವಿಎಂಸ್ಟ್ಯಾಟ್. ಮೆಮ್‌ಇನ್ಫೋ ಮತ್ತು ಪ್ರೋಕ್‌ನ ವಿಎಂಸ್ಟ್ಯಾಟ್ ಫೈಲ್ ಎರಡನ್ನೂ ಹತ್ತು ಸೆಕೆಂಡ್ ಬಿಟ್ಟು ಎರಡು ಸಲ ನಕಲು ಮಾಡಿ. ಡಿಮೆಸ್ಗ್‌ನ (ಕರ್ನೆಲ್ ಸಂದೇಶಗಳು) ಕೊನೆಯ ಸಾಲುಗಳು. ಡೇಟಾಬೇಸ್‌ನ ಸೆಷನ್ ಪಟ್ಟಿ, ಯಾರು ಯಾವುದಕ್ಕೆ ಕಾಯುತ್ತಿದ್ದಾರೆ ಅನ್ನೋದರ ಸಮೇತ. ಆಮೇಲೆ ರೀಸ್ಟಾರ್ಟ್ ಮಾಡಿ, ತಪ್ಪೇನಿಲ್ಲ. ಪರ್ಫ್ ಇನ್‌ಸ್ಟಾಲ್ ಆಗಿಲ್ಲದಿದ್ದರೆ, ಅಥವಾ ಕರ್ನೆಲ್‌ನ ಹೆಸರುಗಳ ಬದಲು ಬರೀ ವಿಳಾಸಗಳು ಬರುತ್ತಿದ್ದರೆ, ಅದಕ್ಕೆ ಬೇಕಾದ ಅನುಮತಿಗಳನ್ನು ಲಿನಕ್ಸ್ ಅಡ್ಮಿನ್ ಹತ್ತಿರ ಇವತ್ತೇ ಕೇಳಿ ಇಟ್ಟುಕೊಳ್ಳಿ. ರಾತ್ರಿ ಎರಡು ಗಂಟೆಗೆ ಚೇಂಜ್ ಟಿಕೆಟ್ ಅಪ್ರೂವ್ ಮಾಡುವವರು ಸಿಗುವುದಿಲ್ಲ.